ಎರಿ ಹೊಲದ ಕಪ್ಪು

ಐರ್ಲೆಂಡಿನವರು ನೆಲವನ್ನೇ ಕಡಿದು, ಒಣಗಿಸಿ ಒಲೆಗೆ ಹಾಕುತ್ತಾರೆ ಅಂದರೆ ರಾಣೆಬೆನ್ನೂರಿನ ಕಡೆ ಯಾರು ನಂಬಬೇಕು? "ಮಣ್ಣು ಸುಟ್ಟರ ಇಟ್ಟಂಗಿ ಆಗತೈತಿ, ಉರಿ ಎಲ್ಲಿಂದ ಬರಬೇಕೋ ತಮ್ಮಾ?" ಅಂದರು ನಮ್ಮ ಕಾಕಾ. ಕುಳ್ಳು ಸುಟ್ಟವರ ಅನುಭವದ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿಯವರು ಸುಡುವ ಪೀಟ್ ಮಣ್ಣೇ ಅಲ್ಲ, ಕೊಳೆಯದೆ ಉಳಿದ ಪಾಚಿ. ನೀರು ನಿಂತ ತಂಪು ತಗ್ಗಿನಲ್ಲಿ ಗಾಳಿಯಾಡದೆ ಸತ್ತ ಗಿಡ ಹಾಗೇ ಉಳಿಯುತ್ತದೆ. ಅದರ ಮೇಲೆ ಸ್ಫ್ಯಾಗ್ನಮ್ ಎಂಬ ಪಾಚಿ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಏರುತ್ತ, ಸಾವಿರಾರು ವರ್ಷಕ್ಕೆ ಸುತ್ತಲ ನೆಲವನ್ನೂ ಮೀರಿ ಉಬ್ಬುತ್ತದೆ. ಅಷ್ಟು ಎತ್ತರಕ್ಕೆ ಹೋದ ಮೇಲೆ ಹಳ್ಳಕೊಳ್ಳದ ಹಂಗಿಲ್ಲ, ಮಳೆಯೊಂದೇ ಗತಿ.

ನಮ್ಮ ಬಿಸಿಲು ಮತ್ತು ಗೆದ್ದಲು ಇದಕ್ಕೆಲ್ಲ ಅವಕಾಶ ಕೊಡುವುದಿಲ್ಲ. ಪೀಟ್ ನೋಡಬೇಕೆಂದರೆ ನೀಲಗಿರಿಯ ಕಣಿವೆಗಳಿಗೆ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಪೀಟನ್ನೇ ಬಗೆದು, ಸುಮಾರು 20,000 ವರ್ಷಗಳ ಮಳೆ-ಬರದ ಲೆಕ್ಕ ತೆಗೆದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು.

ಹಾಗಾದರೆ ನಮ್ಮ ಎರಿ ಹೊಲ ಅಷ್ಟು ಕಪ್ಪು ಯಾಕೆ? ಕೊಳೆತ ಎಲೆಯ ಸಾರ ಎಂದುಕೊಂಡರೆ ಮೋಸ ಹೋದಿರಿ. ಬಹುಪಾಲು ಹೊಲದಲ್ಲಿ ಸಾವಯವ ಇಂಗಾಲ ಶೇ. 1 ಕೂಡ ಇರುವುದಿಲ್ಲ. ಇದ್ದ ಅಷ್ಟಿಷ್ಟೇ ಜಿಗುಟು ಜೇಡಿಯನ್ನು ಬಿಗಿಯಾಗಿ ಹಿಡಿದು ಬಣ್ಣ ಕೊಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯೂ ಹೀಗೇ ತಾನೆ, ಕೆಂಪು ನೋಡಿ ಹೆದರಿದವರು ತಿಂದು ನೋಡಿ ನಗುತ್ತಾರೆ.

ಮಹಾರಾಷ್ಟ್ರದ ಎರಿಯಂತೆ ಇದು ಲಾವಾದ ಮಗಳೂ ಅಲ್ಲ. ಸುಮಾರು 260 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು-ಮರಳು ಗಟ್ಟಿಯಾಗಿ ಗ್ರೇವ್ಯಾಕ್ ಶಿಲೆಯಾಯಿತು. ಭೂವಿಜ್ಞಾನಿಗಳು ಆ ಶಿಲಾಸಮೂಹಕ್ಕೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ನಮ್ಮೂರಿನವರಿಗೆ ಮಾತ್ರ ಯಾರೂ ಹೇಳಿಲ್ಲ. ಅಂಥ ಶಿಲೆಗಳೇ ಸವೆದು ಇಲ್ಲಿಯ ಜೇಡಿಯಾದವು.

ಉಬ್ಬುವ ವಿದ್ಯೆ ಇದಕ್ಕೂ ಗೊತ್ತು. ಪೀಟ್ ಸಾವಿರ ವರ್ಷಕ್ಕೆ ಉಬ್ಬಿದರೆ ಎರಿ ಮಳೆಗಾಲಕ್ಕೊಮ್ಮೆ ಉಬ್ಬುತ್ತದೆ. ಮುಂಗಾರಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಎರಡು ಸೇರು ಮಣ್ಣು, ಐದನೆಯ ಹೆಜ್ಜೆಗೆ ಉಂಗುಷ್ಠ ಕಿತ್ತು ಕೈಗೆ. ಅದೇ ಹೊಲ ಏಪ್ರಿಲ್‌ನಲ್ಲಿ ಬಾಯಿ ಬಿಟ್ಟು, ಮೊಳಕೈವರೆಗೆ ಕೈ ಇಳಿಯುವಷ್ಟು ಬಿರುಕು. ಮೇಲಿನ ಪುಡಿ ಬಿರುಕಿಗೆ ಬಿದ್ದು, ಮಳೆಗೆ ತಳದ್ದು ಉಬ್ಬಿ ಮೇಲೆ ಬರುತ್ತದೆ. ಕುಂಟೆಯಿಲ್ಲದೆ ಹೊಲ ತನ್ನನ್ನು ತಾನೇ ಉಳುತ್ತದೆ. ರೈತನಿಗೆ ಇದು ಪುಕ್ಕಟೆ ಉಳುಮೆ, ಮನೆ ಕಟ್ಟುವವನಿಗೆ ಗ್ರಹಚಾರ. ಹಾವೇರಿಯ ಹೊಸ ಬಡಾವಣೆಯಲ್ಲಿ ಪಾಯಕ್ಕೆ ಲಾರಿಗಟ್ಟಲೆ ಗರಸು ತುಂಬಿಸಿದವರೂ ಬೇಸಿಗೆಗೆ ಗೋಡೆಯ ಸೀಳು ನೋಡಿ ಗೌಂಡಿಯನ್ನೇ ಬೈಯುತ್ತಾರೆ.