ಏಳು ರಾತ್ರಿಗಳ ಲೆಕ್ಕ

ಹೋಟೆಲುಗಳ ಬಾಡಿಗೆ ವರ್ಷವರ್ಷಕ್ಕೂ ಏರುವುದನ್ನು ಕಂಡು, ಎರಡು ವರ್ಷಗಳ ಹಿಂದೆ ನಾವು ನಿವೃತ್ತಿಯ ಹಣದಿಂದ 3,50,000 ರೂಪಾಯಿಗಳನ್ನು ತೆತ್ತು ‘ಟೈಮ್‌ಶೇರ್’ ಸದಸ್ಯತ್ವವನ್ನು ಪಡೆದೆವು. ವರ್ಷಕ್ಕೆ 7 ರಾತ್ರಿಗಳಂತೆ 25 ವರ್ಷ ವಿಹಾರಧಾಮದಲ್ಲಿ ತಂಗುವ ಹಕ್ಕು ಅದು. 175 ರಾತ್ರಿಗಳಿಗೆ ಭಾಗಿಸಲು ರಾತ್ರಿಯೊಂದಕ್ಕೆ 2,000 ರೂಪಾಯಿ ಬಂದಿತು, ಹಿಗ್ಗಿದೆವು.

ವಾರ್ಷಿಕ ನಿರ್ವಹಣಾ ಶುಲ್ಕವನ್ನು ಮಾತ್ರ ಲಘುವಾಗಿ ಎಣಿಸಿದ್ದೆವು. ಹೋದರೂ ಹೋಗದಿದ್ದರೂ ಅದನ್ನು ತೆರಬೇಕು. ಬಾಡಿಗೆಯಂತೆ ಅದೂ ಏರತಕ್ಕುದೇ. ಕಳೆದ ವರ್ಷ 21,000 ತೆತ್ತೆವು. ನಮ್ಮ ಗೃಹಿಣಿಗೆ ಮಂಡಿನೋವು ಬಂದ ಕಾರಣ ಮಡಿಕೇರಿಯಲ್ಲಿ ಮೂರೇ ರಾತ್ರಿ ತಂಗಿದೆವು. ಶುಲ್ಕವೊಂದೇ ರಾತ್ರಿಗೆ 7,000 ಆಯಿತು. ಎದುರಿನ ಹೋಟೆಲಿನಲ್ಲಿ ಕೋಣೆಗೆ 5,000!

ಪ್ರತಿವರ್ಷವೂ ಏಳು ರಾತ್ರಿಗಳನ್ನು ತಪ್ಪದೆ ಕಳೆಯಬಲ್ಲ ತರುಣ ಸಂಸಾರಕ್ಕೆ ಇದರಲ್ಲಿ ಉಳಿತಾಯವಾದೀತು. ನಮಗಾದರೋ ಅವಧಿ ಮುಗಿಯುವಾಗ 83 ತುಂಬುವುದು. ಬಾಡಿಗೆಯ ಏರಿಕೆಯನ್ನು ಎಣಿಸಿದ ನಾವು ವಯಸ್ಸಿನ ಏರಿಕೆಯನ್ನು ಎಣಿಸಲಿಲ್ಲ. ಈ ವರ್ಷದ ರಾತ್ರಿಗಳನ್ನು ಮಗಳ ಸಂಸಾರಕ್ಕೆ ಬಿಟ್ಟುಕೊಟ್ಟಿದ್ದೇವೆ.