ಬಿಟ್ಟ ಸ್ಥಳ ತುಂಬಿರಿ

ನಮ್ಮ ಜಗಲಿಯ ಮಾಡಿನಡಿ ಎರಡು ಗಾಳದ ಕೋಲು ತೂಗುತ್ತಿವೆ. ಒಂದಕ್ಕೆ ತಗುಲಿದ ಖರ್ಚು ಒಂದು ಎಲೆಯಡಿಕೆಯ ಕವಳ. ಇನ್ನೊಂದಕ್ಕೆ ತಗುಲಿದ್ದೆಷ್ಟೆಂದು ನನಗೆ ಮಾತ್ರ ಗೊತ್ತು. ಮನೆಯಲ್ಲಿ ಅದರ ಕಾಲುಭಾಗ ಹೇಳಿದ್ದೇನೆ. ಆ ಕಾಲುಭಾಗಕ್ಕೇ ಎರಡು ದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಈ ಬರಹ ಅಚ್ಚಾದರೆ ಈ ಪುಟವನ್ನು ಅಂಚೆಯವನ ಕೈಯಲ್ಲೇ ಹರಿಸಿಬಿಡಬೇಕು.

ದುಬಾರಿ ಕೋಲು ಬಂದದ್ದು ದುಬೈಯಿಂದ. ಭಟ್ಕಳದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿದ್ದಾನೆ. ಊರಿಗೆ ಬರುವಾಗ ಎಲ್ಲರಿಗೂ ಅತ್ತರು, ಬಾದಾಮಿ ತರುವ ಹುಡುಗ, ‘ಸರ್, ನಿಮಗೇನು ತರಲಿ?’ ಎಂದು ಕೇಳಿದ್ದೇ ತಪ್ಪಾಯಿತು. ಒಂದು ಬ್ಲ್ಯಾಂಕ್ ತಾ ಎಂದೆ. ಮೂರೂವರೆ ಅಡಿಯ ಕೊಳವೆಯನ್ನು ಬಗಲಲ್ಲಿಟ್ಟುಕೊಂಡು ಅವನು ಭಟ್ಕಳದಿಂದ ಬಾಡಕ್ಕೆ ಬೈಕಿನಲ್ಲಿ ಬಂದಾಗ, ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, ‘ಎಂತ ಮಾಸ್ತರ್ರೇ, ಪರದೆ ಕಟ್ಟೂ ಸರಳಾ?’ ಎಂದು ವಿಚಾರಿಸಿದರು. ಬಿಚ್ಚಿದರೆ ಒಳಗೆ ಕಪ್ಪಗೆ, ನುಣ್ಣಗೆ, ಎರಡು ತುಂಡು. ಹಿಡಿಯಿಲ್ಲ, ಉಂಗುರವಿಲ್ಲ, ರೀಲು ಕೂರಿಸುವ ಜಾಗವಿಲ್ಲ. ಬರೀ ಬೋಳುಕೋಲು.

ಬ್ಲ್ಯಾಂಕ್ ಎಂದರೆ ಅಷ್ಟೇ. ಮಿಕ್ಕದ್ದನ್ನೆಲ್ಲ ನಾವೇ ಕೂರಿಸಿಕೊಳ್ಳಬೇಕು. ಮೂವತ್ತೈದು ವರ್ಷ ಮಕ್ಕಳಿಗೆ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಪ್ರಶ್ನೆ ಬರೆದುಕೊಟ್ಟವನಿಗೆ ನಿವೃತ್ತಿಯ ಮೇಲೆ ಅದೇ ಪ್ರಶ್ನೆಪತ್ರಿಕೆ ವಾಪಸು ಬಂತು.

ಬಾಡ ಎಂದರೆ ಕನಕದಾಸರ ಬಾಡ ಎಂದುಕೊಂಡು ಹಾವೇರಿ ಕಡೆಯ ಬಸ್ಸು ಹತ್ತಬೇಡಿ. ಇದು ಕುಮಟಾ ತಾಲ್ಲೂಕಿನ ಬಾಡ, ಕಾಂಚಿಕಾ ಪರಮೇಶ್ವರಿ ಅಮ್ಮನವರ ಬಾಡ. ಪಡುವಣಕ್ಕೆ ಕಡಲು. ಬಡಗಣಕ್ಕೆ ಒಂದಿಷ್ಟು ದೂರ ಹೋದರೆ ಅಘನಾಶಿನಿಯ ಅಳಿವೆ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟೆಗೆ ತಲೆ ಕೊಡದೆ ಕಡಲಿಗೆ ಬರುವ ಹೊಳೆ ಅದು. 2024ರಲ್ಲಿ ಈ ಅಳಿವೆ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಮೀನುಗಳಿಗೆ ಪಟ್ಟಿಯ ವಿಷಯ ಗೊತ್ತಿಲ್ಲ. ಅವು ಉಬ್ಬರದ ಜೊತೆ ಗಜನಿ ಗದ್ದೆಗೆ ಬಂದು ಇಳಿತದ ಜೊತೆ ಹೋಗುತ್ತವೆ.

ಊರನ್ನು ಇಷ್ಟು ಬಣ್ಣಿಸಿದ್ದಕ್ಕೆ ಕಾರಣವಿದೆ. ಕಡಲದಂಡೆಯಲ್ಲಿ ನೊಗಲಿ ಮೀನು ಹಿಡಿಯುವವನಿಗೆ ಉದ್ದದ ಕೋಲು ಬೇಕು, ಹತ್ತು ಹನ್ನೊಂದು ಅಡಿಯದ್ದು. ದಾರ ತೆರೆಯ ಮೇಲೆ ನಿಲ್ಲಬೇಕಲ್ಲ. ಮೀನು ಮಾತ್ರ ಗೇಣುದ್ದದ್ದು, ಮೂತಿ ಮೃದು, ಆದ್ದರಿಂದ ತುದಿ ಸಣ್ಣಗಿರಬೇಕು. ಹೊಳೆಯಲ್ಲಿ ಲೆಕ್ಕ ಬೇರೆ. ಗೋವಾದವರು ಚೋಣಕ್ ಎನ್ನುವ, ಪೇಟೆಯ ಹೋಟೆಲಿನವರು ಸೀ ಬಾಸ್ ಎಂದು ಬರೆದು ಎರಡು ಪಟ್ಟು ರೇಟು ಹಾಕುವ ಮೀನು ಕಾಂಡ್ಲಾ ಗಿಡದ ಬೇರಿನ ಬುಡದಲ್ಲಿ ಕಾದು ಕೂತಿರುತ್ತದೆ. ಗಾಳ ಕಚ್ಚಿದ ಮರುಕ್ಷಣ ಬೇರಿನೊಳಗೆ ನುಗ್ಗುತ್ತದೆ. ಅಲ್ಲಿ ಏಳಡಿಯ ಗಿಡ್ಡ ಕೋಲೇ ಸರಿ. ಬುಡದಲ್ಲಿ ಗಟ್ಟಿ ಇಲ್ಲದಿದ್ದರೆ ಮೀನೂ ಹೋಯಿತು, ದಾರವೂ ಹೋಯಿತು. ಯಾವ ನೀರು, ಯಾವ ಮೀನು ಎಂದು ತೀರ್ಮಾನಿಸದೆ ಒಳ್ಳೆಯ ಬ್ಲ್ಯಾಂಕ್ ಯಾವುದು ಎಂದು ಕೇಳುವುದು, ಕಾಲಿನ ಅಳತೆ ಹೇಳದೆ ಒಳ್ಳೆಯ ಚಪ್ಪಲಿ ಕೊಡಿ ಎಂದ ಹಾಗೆ.

ಇನ್ನು ಆ ಒಂದು ಕವಳದ ಕೋಲು. ಅದನ್ನು ಆರಿಸಿಕೊಟ್ಟವರು ನಮ್ಮೂರ ಅಂಬಿಗರ ಅಜ್ಜ. ಅವರ ಹಿತ್ತಲಲ್ಲಿ ಮಾರಿಹಾಳ ಬಿದಿರಿನ ಹಿಂಡಿಲಿದೆ. ಹೆಬ್ಬಿದಿರಿನ ಹಾಗೆ ಇದಕ್ಕೆ ಮುಳ್ಳಿಲ್ಲ, ಒಳಗೆ ಅಷ್ಟು ಪೊಳ್ಳೂ ಇಲ್ಲ. ಹೆಚ್ಚುಕಡಿಮೆ ಗಟ್ಟಿ ಗಣೆ. ಅಜ್ಜ ಎಳೆಯದನ್ನು ಮುಟ್ಟಲಿಲ್ಲ, ಹಣ್ಣಾದದ್ದನ್ನೂ ಬಿಟ್ಟರು. ಒಂದೊಂದೇ ಗಣೆಯ ಬುಡ ಹಿಡಿದು ಒಮ್ಮೆ ಅಲುಗಿಸಿ ತುದಿಯನ್ನೇ ನೋಡುತ್ತ ನಿಂತರು. ಅಲುಗಾಟ ಬೇಗ ನಿಂತದ್ದು ಪಾಸು, ಬಾಲ ಅಲ್ಲಾಡಿಸುತ್ತಲೇ ಇದ್ದದ್ದು ನಾಪಾಸು. ಆಮೇಲೆ ತುದಿಯನ್ನು ನೆಲಕ್ಕೆ ಊರಿ ಬಗ್ಗಿಸಿದರು. ಬಾಗು ಒಂದೇ ಸಮ ಬಿಲ್ಲಿನ ಹಾಗೆ ಬರಬೇಕು; ಎಲ್ಲಾದರೂ ಮೊಣಕಾಲು ಮಡಿಸಿದ ಹಾಗೆ ಕಂಡರೆ ಅದು ಬೇಲಿಗೆ ಸರಿ. ಇದೇ ಪರೀಕ್ಷೆಗೆ ಹೊರದೇಶದ ಪುಸ್ತಕಗಳಲ್ಲಿ ಚಿತ್ರಸಮೇತ ಎರಡು ಅಧ್ಯಾಯ ಇರುತ್ತವೆ.

ಕಡಿದದ್ದು ಕೃಷ್ಣಪಕ್ಷದಲ್ಲಿ. ಹುಣ್ಣಿಮೆಯ ಹೊತ್ತಿಗೆ ಕಡಿದರೆ ಕುಟ್ಟೆ ಹಿಡಿಯುತ್ತದೆ ಎಂದು ಅಜ್ಜನ ಲೆಕ್ಕ. ಕುಟ್ಟೆ ಹುಳ ಬರುವುದು ಬಿದಿರಿನೊಳಗಿನ ಪಿಷ್ಟಕ್ಕೆ. ಅದಕ್ಕೇ ಕಡಿದ ಗಣೆಯನ್ನು ಗಜನಿಯ ಕೆಸರುನೀರಿನಲ್ಲಿ ಹೂತಿಟ್ಟರು. ಪಿಷ್ಟ ನೀರಿಗೆ ಬಿಟ್ಟುಕೊಂಡಿತು. ತಿಂಗಳ ಮೇಲೆ ತೆಗೆದಾಗ ಬಂದ ವಾಸನೆಯ ಬಗ್ಗೆ ಬರೆಯುವುದಿಲ್ಲ. ನೆರಳಲ್ಲಿ ಒಣಗಿಸಿ, ಗಂಟಿನ ಹತ್ತಿರ ಡೊಂಕಿದ್ದ ಕಡೆ ಬೆಂಕಿಯ ಝಳ ತೋರಿಸಿ ಮೆಲ್ಲಗೆ ನೆಟ್ಟಗೆ ಮಾಡಿಕೊಟ್ಟರು.

ಬಿದಿರು ಹುಲ್ಲೋ ಮರವೋ ಎಂಬ ಜಗಳ ನಿಮಗೆ ಗೊತ್ತಿರಬಹುದು. ಸಸ್ಯಶಾಸ್ತ್ರ ಹುಲ್ಲು ಎಂದಿತು. 1927ರ ಅರಣ್ಯ ಕಾಯ್ದೆ ಮರ ಎಂದಿತು. ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಆ ಮರತನದಿಂದ ಬಿಡುಗಡೆ ಸಿಕ್ಕಿದ್ದು 2017ರಲ್ಲಿ. ಅಲ್ಲಿಯವರೆಗೆ ಕಾಯ್ದೆಯ ಮಟ್ಟಿಗೆ ಅಜ್ಜನ ಗಾಳದ ಕೋಲು ಮರದ ಸಂತಾನವೇ.

ನಗುವ ವಿಷಯ ಇನ್ನೊಂದಿದೆ. ಅಮೆರಿಕದವರು ಹತ್ತೊಂಬತ್ತನೇ ಶತಮಾನದಲ್ಲಿ ಬಿದಿರನ್ನು ಸೀಳಿ, ಆರು ಸೀಳು ಅಂಟಿಸಿ ಗಾಳದ ಕೋಲು ಮಾಡಲು ಕಲಿತಾಗ ಬಳಸಿದ್ದು ನಮ್ಮ ದೇಶದ್ದೇ ಬಿದಿರು. ಕಲ್ಕತ್ತದ ಬಂದರಿನಿಂದ ಹೋಗುತ್ತಿದ್ದುದರಿಂದ ಅದಕ್ಕೆ ಕಲ್ಕತ್ತ ಬೆತ್ತ ಎಂದೇ ಹೆಸರು. ಜಾತಿಯಲ್ಲಿ ಅದು ನಮ್ಮ ಕಾಡಿನ ಗಂಡುಬಿದಿರು. ಆಮೇಲೆ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಟೊಂಕಿನ್ ಬಿದಿರು ಇನ್ನೂ ನೇರ, ಇನ್ನೂ ಚುರುಕು ಎಂದು ನಮ್ಮದನ್ನು ಬಿಟ್ಟರು. 1950ರಲ್ಲಿ ಕೊರಿಯಾ ಯುದ್ಧದ ಸಿಟ್ಟಿಗೆ ಅಮೆರಿಕ ಚೀನಾದ ಮಾಲನ್ನೇ ನಿಲ್ಲಿಸಿತು. ಬಿದಿರಿಲ್ಲದೆ ಕಂಗೆಟ್ಟ ಪೇಟೆಯನ್ನು ಆಗಷ್ಟೇ ಬಂದಿದ್ದ ಫೈಬರ್‌ಗ್ಲಾಸ್ ಹಿಡಿದುಕೊಂಡಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನಗಳಿಗೆಂದು ಹದಗೊಳಿಸಿದ ಕಾರ್ಬನ್ ನಾರು, 70ರ ದಶಕಕ್ಕೆ ಗಾಳದ ಕೋಲಾಯಿತು. ಆಕಾಶಕ್ಕೆ ಹುಟ್ಟಿದ್ದು ನೀರಿಗೆ ಬಂತು.

ನನ್ನ ದುಬೈ ಕೋಲೂ ಕಾರ್ಬನ್ನಿನದೇ. ಹಗುರ, ಚುರುಕು. ಮೀನು ಮೂತಿ ತಾಗಿಸಿದರೂ ಅಂಗೈಗೆ ಸುದ್ದಿ ಮುಟ್ಟುತ್ತದೆ. ದೋಷ ಎರಡು. ಬಿದಿರು ಮುರಿಯುವ ಮೊದಲು ಚಟಚಟ ಎಂದು ಎಚ್ಚರಿಸುತ್ತದೆ. ಫೈಬರ್‌ಗ್ಲಾಸ್ ಎಷ್ಟು ಬಗ್ಗಿಸಿದರೂ ತಾಳಿಕೊಳ್ಳುತ್ತದೆ. ಕಾರ್ಬನ್ ಒಮ್ಮೆಲೇ ಪಟ್ಟೆಂದು ರಾಜೀನಾಮೆ ಕೊಡುತ್ತದೆ. ಬಂಡೆಗೆ ತಾಗಿ ಬಿದ್ದ ಒಂದು ಗೀರು ಸಾಕು. ಎರಡನೆಯದು, ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಮೇ ಕೊನೆಯ ಗುಡುಗಿನಲ್ಲಿ ಏಳಡಿ ಕಾರ್ಬನ್ ಎತ್ತಿ ಹಿಡಿದು ಬಯಲಲ್ಲಿ ನಿಲ್ಲುವುದು ಮೀನಿಗೆ ಬಹಳ ಒಳ್ಳೆಯದು.

ಅಜ್ಜನಿಗೆ ಕೋಲು ತೋರಿಸಿದೆ. ರೇಟು ಕೇಳಲಿಲ್ಲ, ಕಂಪನಿ ಕೇಳಲಿಲ್ಲ. ‘ಮಾಸ್ತರ್ರೇ, ಇದು ಬಗ್ಗೂದು ತುದೀಲೋ, ನಡುವಲ್ಲೋ?’ ಎಂದರು. ಇಡೀ ಶಾಸ್ತ್ರ ಇದಿಷ್ಟೇ. ತುದಿಯಲ್ಲಷ್ಟೇ ಬಗ್ಗಿದರೆ ವೇಗದ ಕೋಲು, ಕೃತಕ ಮೀನು ಕಟ್ಟಿ ಎಸೆದು ಎಳೆಯುವವನಿಗೆ. ನಡುವಿನಿಂದ ಬಗ್ಗಿದರೆ ಸಾವಕಾಶದ ಕೋಲು, ಜೀವಂತ ಶೆಟ್ಲಿ, ಅಂದರೆ ಸೀಗಡಿ, ಕಟ್ಟಿ ಕಾಯುವವನಿಗೆ. ಎಷ್ಟು ಭಾರಕ್ಕೆ ಬಗ್ಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಕೋಲಿನ ಬುಡದಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ. ಅಂಗಡಿಯಲ್ಲಿ ನಾವು ಮಾತ್ರ ‘ಗಟ್ಟಿ ಇದೆಯಾ?’ ಎಂದು ಕೇಳುತ್ತೇವೆ. ಗಟ್ಟಿ ಬೇಕಿದ್ದರೆ ಕಬ್ಬಿಣದ ಸರಳಿಗೆ ದಾರ ಕಟ್ಟಬಹುದಿತ್ತು. ಮೀನು ಎಳೆದ ಎಳೆತವನ್ನು ನುಂಗಿಕೊಳ್ಳುವುದು ಕೋಲಿನ ಉದ್ಯೋಗ. ಬಗ್ಗದ ಕೋಲು ದಾರ ಹರಿಸುತ್ತದೆ, ಇಲ್ಲವೇ ಮೀನಿನ ಬಾಯಿ.

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎನ್ನುವವರಿಗೆ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಸರ್ವಜ್ಞ ಚಕ್ರವರ್ತಿ ಎನಿಸಿಕೊಂಡವನು, ಸುಮಾರು 1129ರಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವನ್ನೇ ಇಟ್ಟಿದ್ದಾನೆ. ಅರಸನಿಗೆ ತಕ್ಕ ವಿನೋದಗಳಲ್ಲಿ ಗಾಳವೂ ಒಂದು. ಇಂಗ್ಲಿಷಿನಲ್ಲಿ ಗಾಳದ ಮೇಲಿನ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. 1950ರ ಸುಮಾರಿಗೆ ಮೀನುವಿಜ್ಞಾನಿ ಸುಂದರಲಾಲ್ ಹೋರಾ ಈ ಮತ್ಸ್ಯವಿನೋದದ ಮೇಲೆ ಲೇಖನ ಬರೆದರು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ನಮ್ಮ ಉತ್ತರ ಕನ್ನಡ ಮಾತ್ರ ಅವರ ಅಧಿಕಾರದಲ್ಲಿ ಇರಲಿಲ್ಲ, 1862ರಲ್ಲೇ ಮುಂಬಯಿ ಪ್ರಾಂತಕ್ಕೆ ಹೋಗಿತ್ತು. ಇದನ್ನೆಲ್ಲ ಮನೆಯಲ್ಲೂ ಹೇಳಿ ನೋಡಿದೆ. ‘ಅರಸನ ಮನೆಯಲ್ಲಿ ತೆಂಗಿನಕಾಯಿ ಸುಲಿಯೂಕೆ ಬೇರೆ ಜನ ಇದ್ರು’ ಎಂಬ ಉತ್ತರ ಬಂತು.

ಈಗ ಬಿಟ್ಟ ಸ್ಥಳಗಳು. ಹಿಡಿಗೆ ಕಾರ್ಕೋ, ಇವಿಎ ಎಂಬ ರಬ್ಬರಿನಂಥ ನೊರೆಯೋ ಎಂಬ ಚರ್ಚೆಗೆ ಕೊನೆಯಿಲ್ಲ. ಕಾರ್ಕು ಪೋರ್ಚುಗಲ್ ಕಡೆಯ ಓಕ್ ಮರದ ತೊಗಟೆ; ಕೈಗೆ ಹಿತ, ಮಳೆಗಾಲದಲ್ಲಿ ನಮ್ಮಲ್ಲಿ ಬೂಸಲು. ನಾನು ಇವಿಎ ಹಾಕಿದೆ. ನಮ್ಮ ಗುಡಿಗಾರರು ಬಾಸಿಂಗ ಮಾಡುವ ಬೆಂಡಿನಲ್ಲಿ ಒಂದು ಹಿಡಿ ಮಾಡಿಸಿದರೆ ಹೇಗೆ ಎಂಬ ಯೋಚನೆಯೂ ಬಂದಿತ್ತು. ಮದುವೆಗಂಡಿನ ತಲೆಯ ಮೇಲೆ ಒಂದು ದಿನ ಉಳಿಯುವುದೇ ಹೆಚ್ಚು ಎಂದು ಬಿಟ್ಟೆ.

ಉಂಗುರದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ದುಡ್ಡೆಲ್ಲ ಬೋಳುಕೋಲಿಗೆ ಸುರಿದು ಉಂಗುರಕ್ಕೆ ಚಿಲ್ಲರೆ ಉಳಿಸುವುದೇ ಎಲ್ಲರ ರೂಢಿ. ನಾನೂ ಮಾಡಿದ್ದು ಅದನ್ನೇ. ಎಷ್ಟು ಅಡಿಯೋ ಅಷ್ಟು ಉಂಗುರ, ಮೇಲೊಂದು ಎಂಬುದು ಸ್ಥೂಲ ಲೆಕ್ಕ. ರೀಲಿನಿಂದ ದಾರ ಸುರುಳಿ ಸುರುಳಿಯಾಗಿ ಹೊರಡುತ್ತದೆ, ಆದ್ದರಿಂದ ಮೊದಲ ಉಂಗುರ ದೊಡ್ಡದು. ಮುಂದೆ ಹೋದ ಹಾಗೆ ಚಿಕ್ಕವು, ಒತ್ತೊತ್ತಾಗಿ. ಜಾಗ ಸರಿಯಿದೆಯೋ ಎಂದು ನೋಡಲು ಟೇಪು ಹಚ್ಚಿ ಉಂಗುರ ಕೂರಿಸಿ, ದಾರ ಪೋಣಿಸಿ, ಕೊನೆಗೆ ಅರ್ಧ ತುಂಬಿದ ನೀರಿನ ಬಾಟಲಿ ಕಟ್ಟಿ ಎತ್ತಬೇಕು. ಕೋಲಿನ ಬಾಗನ್ನು ದಾರ ಅನುಸರಿಸಬೇಕು. ಅಡ್ಡದಾರಿ ಹಿಡಿದು ಕೋಲಿಗೆ ತಾಗಿದರೆ ಉಂಗುರ ಸರಿಸಬೇಕು. ಉಂಗುರದ ಒಳಗಿನ ಬಳೆ ಅಲ್ಯೂಮಿನಿಯಂ ಆಕ್ಸೈಡಿನದಾದರೆ ಅಗ್ಗ, ಸಿಲಿಕಾನ್ ಕಾರ್ಬೈಡಿನದಾದರೆ ದುಬಾರಿ ಮತ್ತು ಹೆಚ್ಚು ನುಣುಪು. ಚೌಕಟ್ಟು ಕಳಪೆಯಾದರೆ ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲ.

ಉಂಗುರದ ಕಾಲಿಗೆ ನೂಲು ಸುತ್ತಿ ಮೇಲೆ ಎಪಾಕ್ಸಿ ಬಳಿಯುವುದು ಕೊನೆಯ ಕೆಲಸ. ಯಕ್ಷಗಾನದ ವೇಷದ ಕೆಂಪು ಇರಲೆಂದು ಕೆಂಪು ನೂಲು ಸುತ್ತಿದೆ. ಎಪಾಕ್ಸಿ ಕುಡಿದು ಅದು ಕವಳದ ಉಗುಳಿನ ಬಣ್ಣಕ್ಕೆ ತಿರುಗಿತು. ಬಳಿದ ಮೇಲೆ ಅದು ಗಟ್ಟಿಯಾಗುವ ತನಕ ಕೋಲನ್ನು ಮೆಲ್ಲಗೆ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಜೋತುಬೀಳುತ್ತದೆ. ಅದಕ್ಕೆಂದೇ ಮೋಟಾರು ಸಿಗುತ್ತದಂತೆ. ನಾನು ಜಗಲಿಯಲ್ಲಿ ಕೂತು, ಮೊಬೈಲಿನಲ್ಲಿ ಕರ್ಣಪರ್ವದ ತಾಳಮದ್ದಲೆ ಹಾಕಿಕೊಂಡು, ಕೈಯಲ್ಲೇ ತಿರುಗಿಸಿದೆ. ರಾತ್ರಿ ಒಂದರವರೆಗೆ ಎಲ್ಲ ಸುಸೂತ್ರ. ಕರ್ಣನ ರಥದ ಗಾಲಿ ನೆಲದಲ್ಲಿ ಹೂತುಹೋಗುವ ಹೊತ್ತಿಗೆ ನನ್ನ ಕೋಲಿನ ತಿರುಗಾಟವೂ ನಿಂತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಉಂಗುರದ ಕೆಳಗೂ ಒಂದೊಂದು ಗಟ್ಟಿ ಹನಿ, ಮಾಡಿನ ಹೆಂಚಿಗೆ ಮಳೆನೀರು ಜೋತ ಹಾಗೆ.

ಆದರೂ ಕೋಲು ಬಗ್ಗಿತು, ಚೆನ್ನಾಗಿಯೇ ಬಗ್ಗಿತು. ಮೊದಲ ದಿನ ಅಳಿವೆಯ ಕಡೆ ಹೋದೆ. ಹೋಗುವ ಅವಸರದಲ್ಲಿ ಕೋಲನ್ನು ಪಾಗಾರಕ್ಕೆ ಒರಗಿಸಿದ್ದು ಜಾರಿ ಬಿತ್ತು. ತುದಿಯ ಉಂಗುರದ ಬಳೆ ಸೀಳಿದ್ದು ನನಗೆ ಕಾಣಲಿಲ್ಲ, ಹೆಣೆದ ದಾರಕ್ಕೆ ಕಂಡಿತು. ಕಾಂಡ್ಲಾ ಬುಡದಲ್ಲಿ ಏನೋ ದೊಡ್ಡದೇ ಕಚ್ಚಿ ಎಳೆಯಿತು, ಒಡೆದ ಅಂಚಿಗೆ ದಾರ ಉಜ್ಜಿ ತುಂಡಾಯಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಮಾರಿಹಾಳದ ಕೋಲಿನ ತುದಿಗೆ ನೇರ ದಾರ ಕಟ್ಟಿ ಕೂತಿದ್ದ ಅಜ್ಜ, ಉಂಗುರವೂ ಇಲ್ಲದೆ, ರೀಲೂ ಇಲ್ಲದೆ, ಒಂದು ಕೈಚೀಲ ನೊಗಲಿ ಹಿಡಿದಿದ್ದರು. ನಾಲ್ಕು ನನಗೂ ಕೊಟ್ಟರು. ಮನೆಯಲ್ಲಿ ನಾನೇ ಹಿಡಿದದ್ದೆಂದು ಹೇಳಿದ್ದೇನೆ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಯಾರಾದರೂ ಬೆಂಗಳೂರಿನಿಂದಲೋ ದುಬೈಯಿಂದಲೋ ಕುಮಟಾ ಕಡೆ ಬರುವವರಿದ್ದರೆ ತುದಿಯ ಉಂಗುರ ಒಂದು ತನ್ನಿ. ಕೊಳವೆಯ ಒಳಅಳತೆ 2.2 ಮಿಲಿಮೀಟರ್; ಇಂಚನ್ನು 64 ಭಾಗ ಮಾಡುವ ಅಂಗಡಿಯವರು ಅದನ್ನು ಐದೂವರೆ ನಂಬರು ಎನ್ನುತ್ತಾರೆ. ಬಳೆ ಸಿಲಿಕಾನ್ ಕಾರ್ಬೈಡಿನದೇ ಇರಲಿ. ದುಡ್ಡು ಕೊಡುತ್ತೇನೆ, ರಸೀದಿ ಮಾತ್ರ ಬೇಡ.