ಕಿಟಕಿ ಪಕ್ಕದ ಕೆನ್ನೆ

ತಂಗಿಯ ಮಗಳ ಮದುವೆಯ ಫೋಟೊಗಳು ಬಂದಾಗ ಮನೆಯವರೆಲ್ಲ ಹುಡುಗಿಯ ಸೀರೆ, ಹುಡುಗನ ಪೇಟ ನೋಡುತ್ತ ಕೂತಿದ್ದರು. ನಾನು ನನ್ನನ್ನೇ ಹುಡುಕುತ್ತಿದ್ದೆ. ಸಿಕ್ಕಿದೆ, ಸಿಗದಿದ್ದರೇ ಚೆನ್ನಾಗಿತ್ತು. ನಕ್ಕ ಫೋಟೊಗಳಲ್ಲೆಲ್ಲ ಕಣ್ಣಿನ ತುದಿಯಿಂದ ಕಿವಿಯ ಕಡೆಗೆ ಬೆಳ್ಳಗಿನ ಗೆರೆಗಳು. ಹದ ತಪ್ಪಿದ ಅಕ್ಕಿರೊಟ್ಟಿ ಅಂಚಿನಲ್ಲಿ ಬಿರಿದು, ಆ ಬಿರುಕಿನಲ್ಲಿ ಒಣಹಿಟ್ಟು ಉಳಿದಿರುತ್ತದಲ್ಲ, ಥೇಟ್ ಹಾಗೆ.

ತಪ್ಪು ನನ್ನದೂ ಇದೆ. "ದೊಡ್ಡಮ್ಮಾ, ಇವತ್ತೊಂದು ದಿನ ಮೇಕಪ್ ಮಾಡಿಸ್ಕೊಳ್ಳಿ, ನನಗೋಸ್ಕರ" ಎಂದು ಮದುಮಗಳು ಕೈ ಹಿಡಿದಾಗ ಬೇಡವೆನ್ನಲಿಲ್ಲ. ಛತ್ರದ ಕೋಣೆಯಲ್ಲಿ ಕೂರಿಸಿಕೊಂಡ ಹುಡುಗಿಗೆ ಇಪ್ಪತ್ತೈದರ ಮುಖ ಗೊತ್ತಿತ್ತು, ಅರವತ್ತೊಂದರದು ಗೊತ್ತಿರಲಿಲ್ಲ. ಗಾರೆಯವನು ಗೋಡೆಗೆ ಮೆತ್ತುವಂತೆ ಫೌಂಡೇಶನ್ ಮೆತ್ತಿ, ಮೇಲೆ ಪೌಡರ್ ಕೂರಿಸಿದಳು. ಮುಹೂರ್ತದ ತನಕ ಮುಖ ಕನ್ನಡಿಯಂತಿತ್ತು. ಧಾರೆ ಮುಗಿದು, ಬೀಗರ ಜೊತೆ ನಾಲ್ಕು ಮಾತಾಡಿ ನಕ್ಕಿದ್ದೇ ತಡ, ಪೌಡರೆಲ್ಲ ಸುಕ್ಕಿನೊಳಗೆ ಇಳಿಯಿತು. ನನ್ನ ಪಕ್ಕದಲ್ಲಿ ಎಂಬತ್ತು ದಾಟಿದ ಚಿಕ್ಕಮ್ಮ ಬರೀ ಕುಂಕುಮ ಇಟ್ಟುಕೊಂಡು ನನಗಿಂತ ಚಿಕ್ಕವಳಂತೆ ಕಾಣುತ್ತಿದ್ದಳು.

ಮುಟ್ಟು ನಿಂತ ಮೇಲೆ ಚರ್ಮದ ಎಣ್ಣೆಯ ಪಸೆ ಆರುತ್ತ ಬರುತ್ತದೆ. ಮೊದಲ ಐದು ವರ್ಷಗಳಲ್ಲೇ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಸುಮಾರು 30 ಪ್ರತಿಶತ ಕರಗುತ್ತದೆಂದು ವೈದ್ಯರು ಲೆಕ್ಕ ಹೇಳುತ್ತಾರೆ. ಇಂಥ ಚರ್ಮದ ಮೇಲೆ ಪೌಡರ್ ಹಾಕಿದರೆ ಅದು ಅಳಿದುಳಿದ ಪಸೆಯನ್ನೂ ಹೀರುತ್ತದೆ. ಸೀರೆಯ ನಿರಿಗೆ ಹಿಡಿಯಲು ಮದುವೆಯ ದಿನ ಇಬ್ಬರು ಬೇಕು, ಎಂಟು ಪಿನ್ನು ಬೇಕು. ಮುಖದ ನಿರಿಗೆ ಮಾತ್ರ ತಾನಾಗಿ ಕೂತು, ಒಂದೂ ಜಾರುವುದಿಲ್ಲ.

ಆ ಫೋಟೊಗಳಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎಡಗೆನ್ನೆಯಲ್ಲಿ ಕಂದು ಕಲೆಗಳು ಹೆಚ್ಚು, ಬಲಗೆನ್ನೆಯಲ್ಲಿ ಕಡಿಮೆ. ನಾನು ಅದನ್ನು ಬಂಗು ಅಂದುಕೊಂಡಿದ್ದೆ. ಚರ್ಮದ ಡಾಕ್ಟರು, ನನ್ನ ಶಿಷ್ಯೆಯಾಗಿರಬಹುದಾದಷ್ಟು ಚಿಕ್ಕ ಹುಡುಗಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಬಂಗಲ್ಲ ಮೇಡಂ, ಬಿಸಿಲಿನ ಕಲೆ. ದಿನಾ ಡ್ರೈವ್ ಮಾಡ್ತಿದ್ರಾ?" ಎಂದಳು.

ಡ್ರೈವ್ ಎಲ್ಲಿಂದ ಬರಬೇಕು. ಇಪ್ಪತ್ತಾರು ವರ್ಷ ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬಂದವಳು ನಾನು. ಬೆಳಿಗ್ಗೆ ಎಡಗಡೆ ಕಿಟಕಿಯ ಸೀಟೇ ಬೇಕು, ಚಾಮುಂಡಿಬೆಟ್ಟ ಕಾಣುವುದು ಆ ಕಡೆಗೇ. ಸಂಜೆಯೂ ಎಡಗಡೆಯೇ, ಮಹಿಳೆಯರ ಸೀಟು ಅಲ್ಲಿದ್ದವು ಎಂಬ ಕಾರಣಕ್ಕೆ. ಡಾಕ್ಟರ ಮುಂದೆ ಕೂತೇ ಲೆಕ್ಕ ಹಾಕಿದೆ: ಬೆಳಿಗ್ಗೆ ದಕ್ಷಿಣಕ್ಕೆ ಹೊರಟರೆ ಎಡಗಡೆ ಪೂರ್ವ, ಸಂಜೆ ಉತ್ತರಕ್ಕೆ ಮರಳಿದರೆ ಎಡಗಡೆ ಪಶ್ಚಿಮ. ಸೂರ್ಯ ಎರಡು ಹೊತ್ತೂ ಒಂದೇ ಕೆನ್ನೆಗೆ ಹಾಜರಿ ಹಾಕಿದ್ದಾನೆ. ಭೂಗೋಳ ಕಲಿಸಿದವಳಿಗೆ ಇಷ್ಟು ಹೊಳೆಯಲು ನಿವೃತ್ತಿಯಾಗಬೇಕಾಯಿತು.

ಆಕೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಅಮೆರಿಕದ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 2012ರಲ್ಲಿ ಬಂದದ್ದು: 28 ವರ್ಷ ಟ್ರಕ್ ಓಡಿಸಿದ 69ರ ಮನುಷ್ಯ. ಕಿಟಕಿಯ ಕಡೆಯ ಎಡಮುಖ ಜೋಲುಬಿದ್ದು ಸುಕ್ಕುಗಟ್ಟಿದೆ, ಬಲಮುಖ ಹತ್ತಿಪ್ಪತ್ತು ವರ್ಷ ಚಿಕ್ಕವನದು. ಅಣ್ಣ ತಮ್ಮ ಒಂದೇ ಕುತ್ತಿಗೆಯ ಮೇಲೆ ಕೂತಂತಿತ್ತು. ಚರ್ಮ ಸುಡುವ ಯುವಿ-ಬಿ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ. ಸುಡದೆ, ಸದ್ದಿಲ್ಲದೆ ಒಳಗಿಳಿದು ಕೊಲಾಜೆನ್ ಮುರಿಯುವ ಯುವಿ-ಎ ಗಾಜು ದಾಟಿ ಬರುತ್ತದೆ. ಅವನಿಗಾದರೂ ಗಾಜಿತ್ತು. ನಮ್ಮ ಬಸ್ಸಿನ ಕಿಟಕಿ ತಳ್ಳಿದರೆ ಮುಚ್ಚುತ್ತಿರಲಿಲ್ಲ, ತೆರೆದಲ್ಲೇ ಕಚ್ಚಿಕೊಂಡು ನಿಂತಿರುತ್ತಿತ್ತು.

ಮುಖಕ್ಕೆ ಒಳ್ಳೆಯದೆಂದು ಮಾಡಿದ್ದೇ ಮುಖವನ್ನು ಕೆಡಿಸಿದ್ದನ್ನು ನಾನು ಮೊದಲೂ ನೋಡಿದ್ದೆ. ಅಮ್ಮ ಹಣೆಗೆ ಮೇಣ ಸವರಿ ಅದರ ಮೇಲೆ ಕುಂಕುಮ ಇಡುತ್ತಿದ್ದಳು. ಸ್ಟಿಕ್ಕರ್ ಬಂದ ಮೇಲೆ ಬೆವರಿಗೆ ಜಾರುವ ತಾಪತ್ರಯ ತಪ್ಪಿತೆಂದು ಅದಕ್ಕೇ ಅಂಟಿಕೊಂಡಳು. ಸ್ನಾನಕ್ಕೆ ಹೋಗುವಾಗ ಬಚ್ಚಲ ಕನ್ನಡಿಗೆ, ಬಂದ ಮೇಲೆ ಹಣೆಗೆ, ಒಂದೇ ಸ್ಟಿಕ್ಕರು ಒಂದು ವಾರ. ಕೆಲವು ವರ್ಷಕ್ಕೆ ಹಣೆಯ ನಡುವೆ ದುಂಡಗೆ ಬಿಳಿ ಮಚ್ಚೆ ಮೂಡಿತು. ಇಂಥ ಅಂಟುಗಳಲ್ಲಿ ಬಳಸುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲಬಲ್ಲದು. ಅಮ್ಮ ಕಂಡುಕೊಂಡ ಮದ್ದು: ಮಚ್ಚೆ ಮುಚ್ಚುವಷ್ಟು ದೊಡ್ಡ ಸ್ಟಿಕ್ಕರು.

ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾವಿರಾರು ರೂಪಾಯಿಯ ಪುಟ್ಟ ಪುಟ್ಟ ಡಬ್ಬಿಗಳನ್ನು ಕಂಡಾಗ ಆ ದೊಡ್ಡ ಸ್ಟಿಕ್ಕರೇ ನೆನಪಾಗುತ್ತದೆ. ಹಲವು ಡಬ್ಬಿಗಳಲ್ಲಿರುವುದು ಚರ್ಮವನ್ನು ಪಸೆಯಾಗಿಡುವ ಕ್ರೀಮು, ಅಷ್ಟೆ. ಅದೂ ಬೇಕು, ಆದರೆ ಅಷ್ಟು ದುಡ್ಡಿಗೆ ಬೇಡ. ಸುಕ್ಕಿನ ಮೇಲೆ ನಿಜಕ್ಕೂ ಕೆಲಸ ಮಾಡುವುದು ವಿಟಮಿನ್ 'ಎ' ಬಳಗದ ಟ್ರೆಟಿನಾಯಿನ್. ಮೊಡವೆಗೆಂದು ಕೊಡುತ್ತಿದ್ದ ಔಷಧಿ, ಹಚ್ಚಿಕೊಂಡವರ ಸುಕ್ಕೂ ನಯವಾದದ್ದನ್ನು ಕಂಡು ಈ ಕೆಲಸಕ್ಕೂ ಬಂತು. ಡಾಕ್ಟರು ವಾರಕ್ಕೆರಡು ರಾತ್ರಿ ಬಟಾಣಿ ಕಾಳಿನಷ್ಟು ಎಂದರು. ನಾನು ಬೇಗ ಗುಣವಾಗಲೆಂದು ದಿನಾ ಹಚ್ಚಿ, ಮುಖ ಆಲೂಗಡ್ಡೆಯಂತೆ ಸಿಪ್ಪೆ ಸುಲಿದು, ಹದಿನೈದು ದಿನ ಯಾರ ಮನೆಗೂ ಹೋಗಲಿಲ್ಲ.

ಹಗಲಿಗೆ ಸನ್‌ಸ್ಕ್ರೀನ್. ತೋರುಬೆರಳು ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು, ಮುಖ ಕುತ್ತಿಗೆ ಸೇರಿ. ಎಸ್‌ಪಿಎಫ್ ಅಂಕಿ ಯುವಿ-ಬಿಯ ಲೆಕ್ಕ, ಯುವಿ-ಎಗೆ 'ಪಿಎ' ಎಂದು ಬರೆದು ಪಕ್ಕದಲ್ಲಿ ಹಾಕುವ ಕೂಡುಗುರುತುಗಳನ್ನು ಎಣಿಸಬೇಕು. ಮಾತ್ರೆಗೆ ಹೋದ ಔಷಧಿ ಅಂಗಡಿಯಲ್ಲಿ ಕನ್ನಡಕ ಏರಿಸಿ ನಾನು ಇವನ್ನೆಲ್ಲ ಎಣಿಸುತ್ತ ನಿಲ್ಲುವುದು ಯಜಮಾನರಿಗೆ ತಮಾಷೆ. ಮೇಕಪ್ಪು ಬಿಟ್ಟಿಲ್ಲ. ಪೌಡರ್ ಡಬ್ಬಿ ಕೇರಂ ಬೋರ್ಡಿಗೆ ಹೋಯಿತು. ತೆಳ್ಳಗಾದ ತುಟಿಗೆ ಕಡುಬಣ್ಣ ಬಿಟ್ಟು ತುಸು ಕೆಂಪು, ಕಾಡಿಗೆ ಮೇಲಿನ ರೆಪ್ಪೆಗೆ ಮಾತ್ರ. ಕೆಳಗೆ ಹಚ್ಚಿದರೆ ಸಂಜೆಯೊಳಗೆ ಸುಕ್ಕು ಹಿಡಿದು ಕೆನ್ನೆಗೆ ಹರಿದಿರುತ್ತದೆ.

ಕಳೆದ ಸೋಮವಾರ ಶ್ರೀಕಂಠೇಶ್ವರನ ದರ್ಶನಕ್ಕೆಂದು ಅದೇ ನಂಜನಗೂಡು ಬಸ್ಸು ಹತ್ತಿದೆ. ಬಲಗಡೆ ಮೂರು ಸೀಟು ಖಾಲಿಯಿತ್ತು. ಎಡಗಡೆ ಕಿಟಕಿಗೇ ಕೂತೆ.

"ಅಮ್ಮಾ, ಆ ಕಡೆ ಬಿಸಿಲು, ಈ ಕಡೆ ಬನ್ನಿ," ಎಂದ ಕಂಡಕ್ಟರ್.

"ಇರ್ಲಿ ಬಿಡಪ್ಪ, ಹಚ್ಕೊಂಡು ಬಂದಿದೀನಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಶೂನ್ಯ ಟಿಕೆಟಿಗೆ ಆಧಾರ್ ಕೇಳಿದ. ಕಾರ್ಡಿನ ಫೋಟೊ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೊ ನೋಡಿದ. ಅಷ್ಟರಲ್ಲಿ ಬೆಟ್ಟ ಬಂತು, ನಾನು ಆ ಕಡೆ ತಿರುಗಿದೆ.